ಈಜಿಪ್ಟಿಗೆ ಹೋದ ಕುಟುಂಬ, ಬೈಲಕುಪ್ಪೆಗೆ ಬಂದ ಕುಟುಂಬಗಳು

ಕ್ರಿಸ್ತಜಯಂತಿಯ ಗೋದಲಿಯನ್ನು ನಾವಿನ್ನೂ ತೆಗೆದಿರುವುದಿಲ್ಲ, ಅಷ್ಟರಲ್ಲಿಯೇ ಧರ್ಮಸಭೆಯು ಊರು ಬಿಟ್ಟು ಓಡುವ ಕುಟುಂಬವೊಂದನ್ನು ನಮ್ಮ ಕಣ್ಣ ಮುಂದೆ ತಂದು ನಿಲ್ಲಿಸುತ್ತದೆ. ಡಿಸೆಂಬರ್ 28ರಂದು, ಹೆರೋದನು ಕೊಲ್ಲಿಸಿದ ಹಸುಳೆಗಳ ಹಬ್ಬದಲ್ಲಿ, ಮತ್ತಾಯನ ಶುಭಸಂದೇಶದ ಎರಡನೆಯ ಅಧ್ಯಾಯವನ್ನು ಓದುತ್ತೇವೆ. ಮೂರು ವರ್ಷಕ್ಕೊಮ್ಮೆ ಪವಿತ್ರ ಕುಟುಂಬದ ಮಹೋತ್ಸವದಂದೂ ಅದೇ ಅಧ್ಯಾಯ. ಸಂತ ಜೋಸೆಫರು ರಾತ್ರೋರಾತ್ರಿ ಎದ್ದು ಮಗುವನ್ನೂ ತಾಯಿಯನ್ನೂ ಕರೆದುಕೊಂಡು ಈಜಿಪ್ಟಿಗೆ ಹೊರಟರು, ಹೆರೋದನು ಸಾಯುವ ತನಕ ಅಲ್ಲಿಯೇ ಉಳಿದರು. ಇಷ್ಟನ್ನೇ ಮತ್ತಾಯನು ಬರೆದಿದ್ದಾನೆ. ಅಲ್ಲಿ ಅವರಿಗೆ ಇರಲು ಮನೆ ಕೊಟ್ಟವರು ಯಾರು, ಪರದೇಶಿ ಬಡಗಿಗೆ ಕೆಲಸ ಕೊಟ್ಟವರು ಯಾರು, ಮಗುವಿಗೆ ಜ್ವರ ಬಂದಾಗ ಮದ್ದು ಅರೆದುಕೊಟ್ಟ ನೆರೆಮನೆಯಾಕೆ ಯಾರು? ಒಂದು ಮಾತೂ ಇಲ್ಲ. ಆ ಕಾಲದಲ್ಲಿ ಅಲೆಕ್ಸಾಂಡ್ರಿಯದಲ್ಲಿ ಯೆಹೂದ್ಯರ ದೊಡ್ಡ ಸಮುದಾಯ ನೆಲೆಸಿತ್ತು ಎಂದು ಇತಿಹಾಸ ತಿಳಿಸುತ್ತದೆ. ಕೈರೋ ಬಳಿಯ ಮತಾರಿಯದಲ್ಲಿ ಆ ಕುಟುಂಬ ನೆರಳಿಗೆ ಕುಳಿತಿತ್ತೆಂದು ಒಂದು ಅತ್ತಿಯ ಮರವನ್ನು ಇಂದಿಗೂ ತೋರಿಸುತ್ತಾರೆ. ಅದಕ್ಕಿಂತ ಹೆಚ್ಚಿಗೆ ನಮಗೆ ಗೊತ್ತಿಲ್ಲ. 1952ರಲ್ಲಿ ಜಗದ್ಗುರು ಹನ್ನೆರಡನೇ ಪಯಸ್‌ರವರು ವಲಸೆಗಾರರ ಕುರಿತು ಹೊರಡಿಸಿದ ಪತ್ರದಲ್ಲಿ, ಈಜಿಪ್ಟಿಗೆ ಓಡಿದ ಈ ಮೂವರನ್ನೇ ಎಲ್ಲ ಕಾಲದ ನಿರಾಶ್ರಿತ ಕುಟುಂಬಗಳ ಮಾದರಿ ಎಂದು ಕರೆದರು. ಓಡಿದವರ ಕಥೆ ನಮಗೆ ಬಾಯಿಪಾಠ. ಬಾಗಿಲು ತೆರೆದವರ ಕಥೆಗಾಗಿ ಬೇರೆಡೆ ಹುಡುಕಬೇಕು.

ಬಹು ದೂರ ಹುಡುಕಬೇಕಾಗಿಲ್ಲ, ಪ್ರಿಯ ಓದುಗರೇ. ಚಂದ್ರಾ ಲೇಔಟಿನಿಂದ ನಾಯಂಡಹಳ್ಳಿಗೆ ಬಂದು ಮೈಸೂರು ರಸ್ತೆ ಹಿಡಿದು, ಹುಣಸೂರು, ಪಿರಿಯಾಪಟ್ಟಣ ದಾಟಿದರೆ ಬೈಲಕುಪ್ಪೆ. ನಮ್ಮಲ್ಲಿ ಬಹಳಷ್ಟು ಕುಟುಂಬಗಳು ರಜೆಯಲ್ಲಿ ಕೊಡಗಿಗೆ ಹೋಗುವಾಗ ಅಲ್ಲಿ ಇಳಿದು ಬಂಗಾರದ ದೇವಾಲಯ ನೋಡಿ, ಮೋಮೋ ತಿಂದು, ಫೋಟೋ ತೆಗೆಸಿಕೊಂಡು ಮುಂದೆ ಹೋಗಿವೆ. ಚಳಿಗಾಲ ಬಂತೆಂದರೆ ಬೆಂಗಳೂರಿಗೆ ಸ್ವೆಟರ್ ಮಾರಲು ಬರುವ ಟಿಬೆಟನ್ನರೂ ನಮಗೆ ಪರಿಚಿತರೇ. ಇವರು ಇಲ್ಲಿಗೆ ಬಂದದ್ದು ಹೇಗೆ, ಇವರಿಗೆ ನೆಲ ಕೊಟ್ಟವರು ಯಾರು, ಅದಕ್ಕೆ ಹಣ ಎಲ್ಲಿಂದ ಬಂತು ಎಂದು ಕೇಳಿಕೊಂಡವರು ಕಡಿಮೆ.

1959ರ ಮಾರ್ಚ್ 17ರ ರಾತ್ರಿ ದಲೈ ಲಾಮಾರವರು ಲಾಸಾದಿಂದ ವೇಷ ಮರೆಸಿಕೊಂಡು ಹೊರಟರು. ಎರಡು ವಾರ ಹಿಮಾಲಯದ ಹಾದಿಯಲ್ಲಿ ನಡೆದು ಮಾರ್ಚ್ 31ರಂದು ಭಾರತದ ಗಡಿ ಮುಟ್ಟಿದರು. ಅವರ ಹಿಂದೆ ಸುಮಾರು 80,000 ಜನ ಬಂದರು. ಅಸ್ಸಾಮಿನ ಮಿಸ್ಸಾಮಾರಿಯಲ್ಲಿಯೂ ಬಂಗಾಳದ ಬಕ್ಸಾದಲ್ಲಿಯೂ ಅವರಿಗಾಗಿ ಶಿಬಿರಗಳು ಎದ್ದವು. ಬಕ್ಸಾ ಎಂಬುದು ಬ್ರಿಟಿಷರ ಕಾಲದ ಸೆರೆಮನೆ. ಅಲ್ಲಿ ಇರಿಸಿದ ಭಿಕ್ಷುಗಳಲ್ಲಿ ಅನೇಕರು ಕ್ಷಯರೋಗದಿಂದ ತೀರಿಕೊಂಡರು. ಉಳಿದ ಗಂಡಸರು ಹೆಂಗಸರು ಹಿಮಾಲಯದ ತಪ್ಪಲಿನಲ್ಲಿ ರಸ್ತೆ ಕಡಿಯುವ ಕೆಲಸಕ್ಕೆ ಸೇರಿದರು. ತಂಪು ನೆಲದಲ್ಲಿ ಬೆಳೆದ ಜೀವಗಳು ಸೆಕೆಯನ್ನೂ ಹೊಸ ಊರಿನ ರೋಗಗಳನ್ನೂ ತಡೆಯಲಾರದೆ ಹೋದವು. ಆಗ ಆಚಾರ್ಯ ಜೆ.ಬಿ. ಕೃಪಲಾನಿಯವರ ಮುಂದಾಳುತನದಲ್ಲಿ ಒಂದು ಪರಿಹಾರ ಸಮಿತಿ ಏರ್ಪಟ್ಟಿತು. ಅಮೆರಿಕದ ಕಥೋಲಿಕರ ಸೇವಾಸಂಸ್ಥೆಯಾದ ಕ್ಯಾಥೊಲಿಕ್ ರಿಲೀಫ್ ಸರ್ವಿಸಸ್ ಕೂಡ ಇತರ ಕ್ರೈಸ್ತ ಸಂಸ್ಥೆಗಳ ಜೊತೆಗೆ ನೆರವು ಕಳುಹಿಸಿತು. ಆದರೆ ಶಿಬಿರದಲ್ಲಿ ಹಂಚುವ ಗೋಧಿಯಿಂದ ಯಾರೂ ಬಹಳ ಕಾಲ ಬದುಕಲಾರರು. ಬೇಕಾಗಿದ್ದದ್ದು ನೆಲ.

ಪ್ರಧಾನಿ ನೆಹರೂರವರು ರಾಜ್ಯ ಸರ್ಕಾರಗಳನ್ನು ಕೇಳಿದರು. ಅಂದಿನ ಮೈಸೂರು ರಾಜ್ಯ ಒಪ್ಪಿಕೊಂಡಿತು. ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯ ಬಳಿ ಸುಮಾರು 3,000 ಎಕರೆ ಕಾಡನ್ನು ಗುತ್ತಿಗೆಯ ಮೇಲೆ ಬಿಟ್ಟುಕೊಟ್ಟಿತು. 3,000 ಜನರಿಗೆ, ತಲೆಗೆ ಒಂದು ಎಕರೆ ಎಂಬುದು ಲೆಕ್ಕ. ಟಿಬೆಟನ್ನರು ಈ ಉಪಕಾರಕ್ಕಾಗಿ ಇಂದಿಗೂ ನೆನೆಯುವ ಹೆಸರು ಎಸ್. ನಿಜಲಿಂಗಪ್ಪನವರದು. ಅದು ಸರಿಯೇ, 1966ರಲ್ಲಿ ಮುಂಡಗೋಡಿನಲ್ಲಿ ಎರಡನೆಯ ದೊಡ್ಡ ನೆಲೆ ಆರಂಭವಾದಾಗ ಅವರೇ ಮುಖ್ಯಮಂತ್ರಿ. ಆದರೆ 1960-61ರಲ್ಲಿ ಬೈಲಕುಪ್ಪೆಯ ಮೊದಲ ಮರ ಬಿದ್ದಾಗ ಆ ಪೀಠದಲ್ಲಿದ್ದವರು ಬಿ.ಡಿ. ಜತ್ತಿಯವರು ಎಂಬುದನ್ನೂ ಇತಿಹಾಸ ಬರೆಯುವವರು ಮರೆಯಬಾರದು. ಸರ್ಕಾರದ ಕೆಲಸಗಳಲ್ಲಿ ಹೀಗಾಗುವುದುಂಟು, ಬೀಜ ಹಾಕಿದವರೊಬ್ಬರು, ಹೆಸರು ಉಳಿಯುವುದು ಇನ್ನೊಬ್ಬರದು.

ಮೊದಲ ವರ್ಷಗಳ ಕಷ್ಟವನ್ನು ಇಂದಿನ ಮೆಕ್ಕೆಜೋಳದ ಹೊಲಗಳನ್ನು ನೋಡಿ ಊಹಿಸಲಾಗದು. ಡೇರೆಗಳಲ್ಲಿಯೂ ಬಿದಿರಿನ ಗುಡಿಸಲುಗಳಲ್ಲಿಯೂ ವಾಸ. ರಾತ್ರಿ ಆನೆಗಳ ಕಾಟ. ಕಾಡು ಕಡಿದು, ಪೊದೆಗಳನ್ನು ಒಟ್ಟಿ ಬೆಂಕಿ ಹಾಕಬೇಕಾಗಿತ್ತು. ಆ ಬೆಂಕಿಯಲ್ಲಿ ಸಾಯುವ ಲೆಕ್ಕವಿಲ್ಲದ ಹುಳುಹುಪ್ಪಟೆಗಳು ಬೌದ್ಧರಾದ ಅವರ ಮನಸ್ಸನ್ನು ಬಿಸಿಲಿಗಿಂತ ಹೆಚ್ಚಾಗಿ ಸುಟ್ಟವು. ಸ್ವಿಟ್ಜರ್‌ಲೆಂಡಿನ ತಾಂತ್ರಿಕ ನೆರವಿನಿಂದ ಟ್ರ್ಯಾಕ್ಟರುಗಳೂ ತರಬೇತಿಯೂ ಬಂದವು. ಟಿಬೆಟಿನಲ್ಲಿ ಬಾರ್ಲಿ ಬೆಳೆದವರು ಇಲ್ಲಿ ಮೆಕ್ಕೆಜೋಳ ಬಿತ್ತುವುದನ್ನು ಕಲಿತರು. ಸಹಕಾರ ಸಂಘ, ಅಂಗಡಿ, ಟ್ರ್ಯಾಕ್ಟರ್ ರಿಪೇರಿಯ ವರ್ಕ್‌ಶಾಪ್, ಜಮಖಾನೆ ನೇಯುವ ಕೇಂದ್ರ ಒಂದೊಂದಾಗಿ ಹುಟ್ಟಿದವು. ಸುತ್ತಲಿನ ಕನ್ನಡಿಗರು ಹಳ್ಳಿಗಳನ್ನು ‘ಒಂದನೇ ಕ್ಯಾಂಪು’, ‘ಎರಡನೇ ಕ್ಯಾಂಪು’ ಎಂದು ಕರೆದರು. ಆ ಹೆಸರು ಈಗಲೂ ನಡೆಯುತ್ತಿದೆ, ಡೇರೆಗಳು ಹೋಗಿ ಎಷ್ಟೋ ಕಾಲವಾಗಿದ್ದರೂ.

ನನ್ನ ಅಭಿಪ್ರಾಯದಲ್ಲಿ ಈ ಯೋಜನೆಯನ್ನು ಉಳಿಸಿದ್ದು ನೆಲವೊಂದೇ ಅಲ್ಲ. ಟಿಬೆಟನ್ ಮಕ್ಕಳಿಗಾಗಿ ಬೇರೆಯೇ ಶಾಲೆಗಳನ್ನು ಭಾರತ ಸರ್ಕಾರದ ಖರ್ಚಿನಲ್ಲಿ ನಡೆಸಲು ನೆಹರೂ ಒಪ್ಪಿದರು. ಅದಕ್ಕಾಗಿ 1961ರಲ್ಲಿ ಶಿಕ್ಷಣ ಸಚಿವಾಲಯದ ಅಧೀನದಲ್ಲಿ ಒಂದು ಸಂಸ್ಥೆಯೇ ಸ್ಥಾಪಿತವಾಯಿತು. ಆ ಶಾಲೆಗಳಲ್ಲಿ ಮಕ್ಕಳು ತಮ್ಮ ಭಾಷೆಯನ್ನೂ ಕಲಿತರು, ದೇಶದ ಇತರ ಮಕ್ಕಳು ಬರೆಯುವ ಪರೀಕ್ಷೆಯನ್ನೂ ಬರೆದರು. ಅಂದರೆ ಹೊಟ್ಟೆಗೆ ಅನ್ನ ಕೊಡುವಾಗ ಅವರ ನಾಲಿಗೆಯನ್ನು ಬದಲಿಗೆ ಕೇಳಲಿಲ್ಲ. ನಿರಾಶ್ರಿತರಿಗೆ ನೆರವು ನೀಡುವಾಗ ಬಹಳ ಸರ್ಕಾರಗಳು ಎಡವುವುದು ಇಲ್ಲಿಯೇ. ಬಕ್ಸಾದಿಂದ ಬದುಕಿ ಉಳಿದ ಭಿಕ್ಷುಗಳನ್ನು ಕೂಡ 1970ರ ಆಸುಪಾಸಿನಲ್ಲಿ ಕರ್ನಾಟಕಕ್ಕೇ ಕರೆತರಲಾಯಿತು. ಸೆರಾ ಮಠ ಬೈಲಕುಪ್ಪೆಯಲ್ಲಿ, ಡ್ರೆಪುಂಗ್ ಮತ್ತು ಗಾಂಡೆನ್ ಮಠಗಳು ಮುಂಡಗೋಡಿನಲ್ಲಿ ಮತ್ತೆ ತಲೆಯೆತ್ತಿದವು. ನಾವು ಫೋಟೋ ತೆಗೆಸಿಕೊಳ್ಳುವ ಬಂಗಾರದ ದೇವಾಲಯ ಪೆನೋರ್ ರಿಂಪೋಚೆಯವರು 1963ರಲ್ಲಿ ಸ್ಥಾಪಿಸಿದ ನಮ್ಡ್ರೋಲಿಂಗ್ ಮಠದ್ದು.

1969ರಲ್ಲಿ ಬೈಲಕುಪ್ಪೆಯ ಮಗ್ಗುಲಲ್ಲೇ ಇನ್ನೊಂದು ನೆಲೆ, 1970ರ ದಶಕದ ಆರಂಭದಲ್ಲಿ ಹುಣಸೂರಿನ ಗುರುಪುರದಲ್ಲಿ ಮತ್ತು ಕೊಳ್ಳೇಗಾಲದ ಒಡೆಯರಪಾಳ್ಯದಲ್ಲಿ ಮತ್ತೆರಡು. ಒಟ್ಟು ಐದು. ಭಾರತದ ಬೇರೆ ಯಾವ ರಾಜ್ಯದಲ್ಲಿಯೂ ಇಷ್ಟು ಟಿಬೆಟನ್ನರು ನೆಲೆಸಿಲ್ಲ.

ಇನ್ನು ಈ ಚರಿತ್ರೆಯ ಒಂದು ಕವಲು ನಮ್ಮ ಧರ್ಮಕೇಂದ್ರಗಳ ಅಂಗಳಕ್ಕೇ ಬಂದು ಸೇರುತ್ತದೆ. ಈ ನೆಲೆಗಳನ್ನು ಕಟ್ಟಲು 1968ರಲ್ಲಿ ಬೆಂಗಳೂರಿನಲ್ಲಿ ಒಂದು ಸಂಸ್ಥೆ ಹುಟ್ಟಿತು. ಹೆಸರು ಮೈಸೂರು ಪುನರ್ವಸತಿ ಮತ್ತು ಅಭಿವೃದ್ಧಿ ಸಂಸ್ಥೆ, ಇಂಗ್ಲಿಷ್ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿ ಎಲ್ಲರೂ ಕರೆಯುವುದು ಮೈರಾಡ ಎಂದು. ಮೊದಲ ಹತ್ತು ವರ್ಷ ಅದರ ಕೆಲಸ ಬಹುಮಟ್ಟಿಗೆ ಟಿಬೆಟನ್ನರ ಪುನರ್ವಸತಿಯೇ. ಆ ಕೆಲಸ ಮುಗಿಯುತ್ತ ಬಂದಾಗ ಅದು ಸುತ್ತಲಿನ ಬಡ ಕನ್ನಡ ಹಳ್ಳಿಗಳ ಕಡೆಗೆ ತಿರುಗಿತು. ಅಲ್ಲಿ ದೊಡ್ಡ ಸಹಕಾರ ಸಂಘಗಳು ಉಳ್ಳವರ ಕೈಗೆ ಸಿಕ್ಕಿ ಒಡೆದುಹೋಗುತ್ತಿದ್ದವು. 1984-85ರ ಹೊತ್ತಿಗೆ, ಒಡೆದ ಸಂಘಗಳಿಂದ ಹೊರಬಂದ ಜನ, ಹೆಚ್ಚಾಗಿ ಹೆಂಗಸರು, ಹದಿನೈದು ಇಪ್ಪತ್ತು ಮಂದಿಯಾಗಿ ಕೂಡಿ ತಮ್ಮತಮ್ಮಲ್ಲೇ ಉಳಿತಾಯ ಮಾಡಿ ಸಾಲ ಕೊಟ್ಟುಕೊಳ್ಳತೊಡಗಿದರು. 1987ರಲ್ಲಿ ನಬಾರ್ಡ್ ಈ ಪ್ರಯೋಗಕ್ಕಾಗಿ ಮೈರಾಡಕ್ಕೆ 10 ಲಕ್ಷ ರೂಪಾಯಿ ಕೊಟ್ಟಿತು. 1992ರಲ್ಲಿ ಇಂಥ ಗುಂಪುಗಳಿಗೆ ಬ್ಯಾಂಕುಗಳೇ ನೇರವಾಗಿ ಸಾಲ ಕೊಡುವ ಯೋಜನೆ ದೇಶದಲ್ಲಿ ಶುರುವಾಯಿತು. 2000ದಲ್ಲಿ ಕರ್ನಾಟಕ ಸರ್ಕಾರದ ಸ್ತ್ರೀಶಕ್ತಿ ಗುಂಪುಗಳು ಬಂದವು. ಭಾನುವಾರ ಬಲಿಪೂಜೆ ಮುಗಿದ ಮೇಲೆ ದೇವಾಲಯದ ಹಿಂದಿನ ಕೊಠಡಿಯಲ್ಲಿ ಪುಸ್ತಕ ಬಿಚ್ಚಿ ಕುಳಿತು, ವಾರದ ಉಳಿತಾಯ ಬರೆದುಕೊಳ್ಳುವ ನಮ್ಮ ತಾಯಂದಿರ ಸಂಘಕ್ಕೂ ಲಾಸಾದಿಂದ ಓಡಿಬಂದವರಿಗೂ ಏನು ಸಂಬಂಧ ಎಂದು ಯಾರಾದರೂ ಕೇಳಿದರೆ, ಇದೇ ಸಂಬಂಧ. ಪರದೇಶಿಗೆ ಕೊಟ್ಟದ್ದು ನಮ್ಮವರಿಗೆ ಕಡಿಮೆಯಾಯಿತು ಎನ್ನುವವರಿಗೆ ಹೇಳಲು ನನ್ನ ಬಳಿ ಇದಕ್ಕಿಂತ ಒಳ್ಳೆಯ ಉತ್ತರವಿಲ್ಲ.

ಆದರೂ ಆ ದೂರು ಪೂರಾ ಸುಳ್ಳೂ ಅಲ್ಲ. ಅದನ್ನು ಮುಚ್ಚಿಟ್ಟು ಚರಿತ್ರೆ ಬರೆಯುವುದು ಸಲ್ಲದು. ಟಿಬೆಟನ್ನರಿಗೆ ಹುಣಸೂರು ಸೀಮೆಯಲ್ಲಿ ನೆಲ ದೊರೆತ ಅದೇ ದಶಕಗಳಲ್ಲಿ, ಅದೇ ಸೀಮೆಯ ನಾಗರಹೊಳೆ ಕಾಡಿನಿಂದ ಜೇನುಕುರುಬರೂ ಇತರ ಆದಿವಾಸಿಗಳೂ ಹೊರಹಾಕಲ್ಪಟ್ಟರು. ಹುಲಿಗೆ, ಆನೆಗೆ ಕಾಡು ಉಳಿಯಬೇಕೆಂದು ಮನುಷ್ಯನನ್ನು ಹೊರಗೆ ಕಳುಹಿಸಲಾಯಿತು. ಹೈಕೋರ್ಟಿನ ಸೂಚನೆಯಂತೆ ಪ್ರೊಫೆಸರ್ ಮುಜಾಫರ್ ಅಸಾದಿಯವರ ಸಮಿತಿ 2014ರಲ್ಲಿ ನೀಡಿದ ವರದಿ, ಹೀಗೆ ನೆಲೆ ಕಳೆದುಕೊಂಡ 3,418 ಕುಟುಂಬಗಳನ್ನು ಲೆಕ್ಕ ಹಾಕಿತು. ಬಹಳಷ್ಟು ಮಂದಿ ಕೊಡಗಿನ ಕಾಫಿ ತೋಟಗಳ ಲೈನ್‌ಮನೆಗಳಲ್ಲಿ ಕೂಲಿಯಾಳುಗಳಾದರು. ಹೊರಗಿನಿಂದ ಬಂದವರಿಗೆ ಯೋಜನೆ, ಒಳಗಿದ್ದವರಿಗೆ ನೋಟಿಸು. ಇದು ಟಿಬೆಟನ್ನರ ತಪ್ಪಲ್ಲ. ಅವರ ಪರವಾಗಿ ಒಬ್ಬ ಪ್ರಧಾನಿ ಪತ್ರ ಬರೆದರು, ಲೋಕವೇ ನೋಡುತ್ತಿತ್ತು. ಜೇನುಕುರುಬರ ಪರವಾಗಿ ಯಾರು ಬರೆದರು?

ಮುಂಡಗೋಡಿನ ಕಡೆಗೆ ಬಂದರೆ ಕಥೆ ನಮಗೆ, ಅಂದರೆ ಕಥೋಲಿಕರಿಗೆ, ಇನ್ನೂ ಹತ್ತಿರವಾಗುತ್ತದೆ. ಉತ್ತರ ಕನ್ನಡದ ಅದೇ ಕಾಡುಗಳಲ್ಲಿ, ಯಲ್ಲಾಪುರ, ಹಳಿಯಾಳ, ಮುಂಡಗೋಡುಗಳಲ್ಲಿ ಸಿದ್ದಿಗಳು ವಾಸಿಸುತ್ತಾರೆ. ಇವರ ಹಿರಿಯರನ್ನು ಆಫ್ರಿಕದಿಂದ ಗುಲಾಮರನ್ನಾಗಿ ತಂದವರಲ್ಲಿ ಗೋವೆಯ ಪೋರ್ಚುಗೀಸರು ಮುಖ್ಯರು. ಒಡೆಯರಿಂದ ತಪ್ಪಿಸಿಕೊಂಡು ಕಾಡು ಸೇರಿದವರ ಮಕ್ಕಳು ಮೊಮ್ಮಕ್ಕಳಲ್ಲಿ ಹಿಂದೂಗಳೂ ಮುಸಲ್ಮಾನರೂ ಇದ್ದಾರೆ, ಹಳಿಯಾಳದ ಸುತ್ತ ಕಥೋಲಿಕರು ಬಹಳ. ಇವರು ಕೂಡ ನಿರಾಶ್ರಿತರಾಗಿ ಬಂದವರೇ, ಟಿಬೆಟನ್ನರಿಗಿಂತ ಎಷ್ಟೋ ತಲೆಮಾರು ಮುಂಚೆ. ಇವರಿಗಾಗಿ ಯಾವ ಒಡಂಬಡಿಕೆಯೂ ಆಗಲಿಲ್ಲ, ಎಕರೆ ಅಳೆಯಲಿಲ್ಲ. 2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರುವ ತನಕ ಸರ್ಕಾರದ ಪುಸ್ತಕದಲ್ಲಿ ಅವರಿಗೊಂದು ಹೆಸರೇ ಸರಿಯಾಗಿ ಇರಲಿಲ್ಲ. ಓಡಿಬಂದವರ ಹಿಂದೆ ಅಟ್ಟಿಸಿಕೊಂಡು ಬಂದವರು ಜಪಮಾಲೆ ಹಿಡಿದವರು ಎಂಬುದನ್ನು ನಾವು ಗೋದಲಿಯ ಮುಂದೆ ನಿಂತಾಗಲಾದರೂ ನೆನೆಯಬೇಕು. ಹಾಗೆಯೇ, ಹದಿನಾರನೆಯ ಶತಮಾನದಿಂದಾಚೆಗೆ ಅದೇ ಗೋವೆಯಿಂದ ತೆರಿಗೆ, ಬರ, ವಿಚಾರಣಾ ಮಂಡಲಿ, ಯುದ್ಧಗಳಿಗೆ ಹೆದರಿ ಕೆನರಾಕ್ಕೆ ಇಳಿದು ಬಂದ ಕೊಂಕಣಿ ಕಥೋಲಿಕರಿಗೆ ಉಳುವ ನೆಲ ಕೊಟ್ಟವರು ಶಿವಭಕ್ತರಾದ ಕೆಳದಿಯ ನಾಯಕರು. ಚಂದ್ರಾ ಲೇಔಟ್, ವಿಜಯನಗರಗಳಲ್ಲಿ ಇಂದು ಮನೆ ಕಟ್ಟಿಕೊಂಡಿರುವ ಮಂಗಳೂರು ಮೂಲದ ಅನೇಕ ಕುಟುಂಬಗಳ ವಂಶಾವಳಿಯ ಬುಡದಲ್ಲಿ ಒಬ್ಬ ನಿರಾಶ್ರಿತನಿದ್ದಾನೆ.

ಕರ್ನಾಟಕದ ಗಡಿಯಾಚೆಯ ಒಂದು ಸಂಗತಿಯನ್ನೂ ಇಲ್ಲಿಯೇ ಸೇರಿಸುತ್ತೇನೆ. ನಮ್ಮ ಚಿಕ್ಕೋಡಿ, ನಿಪ್ಪಾಣಿಗಳಿಗೆ ನೆರೆಯ ಕೊಲ್ಹಾಪುರದ ಬಳಿ, ಮೀರಜ್ ರೈಲು ದಾರಿಯಲ್ಲಿ ವಳಿವಡೆ ಎಂಬ ಊರಿದೆ. 1943ರಿಂದ 1948ರವರೆಗೆ ಅಲ್ಲಿ ಸುಮಾರು 5,000 ಪೋಲೆಂಡಿನ ಜನ ಇದ್ದರು. ಸ್ಟಾಲಿನ್ನನ ಸೈಬೀರಿಯದಿಂದ ಬದುಕಿ ಬಂದ ತಾಯಂದಿರು ಮತ್ತು ಮಕ್ಕಳೇ ಹೆಚ್ಚು, ಬಹುತೇಕ ಎಲ್ಲರೂ ಕಥೋಲಿಕರು. ಅಲ್ಲಿ ಅವರ ಶಾಲೆಯಿತ್ತು, ದೇವಾಲಯವಿತ್ತು. ಖರ್ಚನ್ನು ಲಂಡನ್ನಿನಲ್ಲಿದ್ದ ಪೋಲೆಂಡಿನ ಸರ್ಕಾರ ಹೊತ್ತಿತ್ತು, ನೆಲ ಮರಾಠಾ ಸಂಸ್ಥಾನದ್ದು. ಆಶ್ರಯ ಕೊಡುವವರು ಮತ್ತು ಪಡೆಯುವವರು ಎಂಬ ಎರಡು ಜಾತಿಗಳಿಲ್ಲ. ಯುರೋಪಿನ ಕ್ರೈಸ್ತರೂ ಭಾರತದ ಹಳ್ಳಿಯೊಂದರಲ್ಲಿ ಕೈಯೊಡ್ಡಿ ನಿಂತದ್ದುಂಟು.

ಕರ್ನಾಟಕ ಬೇರೆಯವರನ್ನೂ ಕರೆದುಕೊಂಡಿದೆ. ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿಗಳಿಗೆ ರಾಯಚೂರು ಜಿಲ್ಲೆಯ ಸಿಂಧನೂರಿನಲ್ಲಿ ತುಂಗಭದ್ರಾ ಕಾಲುವೆಯ ಬಯಲಿನಲ್ಲಿ ಜಮೀನು ಸಿಕ್ಕಿತು. ಅವರ ಊರುಗಳನ್ನು ಜನ ಇಂದಿಗೂ ಆರ್.ಎಚ್. ಕ್ಯಾಂಪ್ ಎನ್ನುತ್ತಾರೆ, ಅಲ್ಲಿ ದುರ್ಗಾಪೂಜೆ ಜೋರು. 1964ರ ಶಾಸ್ತ್ರಿ ಮತ್ತು ಸಿರಿಮಾವೋ ಒಪ್ಪಂದದಂತೆ ಸಿಲೋನಿನ ಚಹಾ ತೋಟಗಳಿಂದ 5,25,000 ತಮಿಳರನ್ನು ಭಾರತ ಹಿಂದಕ್ಕೆ ಪಡೆಯಬೇಕಾಯಿತು. ಅವರಲ್ಲೊಂದು ಪಾಲು ಸುಳ್ಯ, ಪುತ್ತೂರುಗಳ ಕಡೆ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಿಗೆ ಬಂತು. ಇವರು ನಿರಾಶ್ರಿತರಲ್ಲ, ಕಾಗದದ ಮೇಲೆ ಮರಳಿ ಬಂದ ಭಾರತೀಯರು. ಆದರೂ ಮಕ್ಕಳ ಜಾತಿ ಪ್ರಮಾಣಪತ್ರಕ್ಕಾಗಿ ಅವರು ಕಚೇರಿಗಳಿಗೆ ಅಲೆದದ್ದು ದೊಡ್ಡ ಕಥೆ, ಅದನ್ನು ಇನ್ನೊಮ್ಮೆ ಬರೆಯಬೇಕು.

ಸಾರ್ವಜನಿಕ ಹಣದ ಲೆಕ್ಕವನ್ನೂ ಹೇಳಿಬಿಡೋಣ. ಭಾರತ 1951ರ ವಿಶ್ವಸಂಸ್ಥೆಯ ನಿರಾಶ್ರಿತರ ಒಪ್ಪಂದಕ್ಕೆ ಸಹಿ ಹಾಕಿದ ದೇಶವಲ್ಲ, ನಿರಾಶ್ರಿತರಿಗೆಂದೇ ಒಂದು ಕಾನೂನೂ ನಮ್ಮಲ್ಲಿಲ್ಲ. ಕೊಟ್ಟದ್ದೆಲ್ಲ ಆಯಾ ಸರ್ಕಾರದ ಆದೇಶದಿಂದ, ಔದಾರ್ಯದಿಂದ. 2014ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಟಿಬೆಟನ್ ಪುನರ್ವಸತಿ ನೀತಿಯೊಂದನ್ನು ಹೊರಡಿಸಿ, ಜಮೀನಿನ ಗುತ್ತಿಗೆ 20 ವರ್ಷಗಳ ಅವಧಿಗೆ ಇರಬೇಕೆಂದೂ, ಪಡಿತರ, ಉದ್ಯೋಗ ಖಾತರಿ ಮುಂತಾದ ಯೋಜನೆಗಳು ಅವರಿಗೂ ತಲುಪಬೇಕೆಂದೂ ರಾಜ್ಯಗಳಿಗೆ ತಿಳಿಸಿತು. ದೇಶದ ಟಿಬೆಟನ್ ನೆಲೆಗಳ ಆಡಳಿತದ ವೆಚ್ಚಕ್ಕೆ 2015-16ರಿಂದ ಐದು ವರ್ಷಕ್ಕೆ 40 ಕೋಟಿ ರೂಪಾಯಿ, ಅಂದರೆ ವರ್ಷಕ್ಕೆ 8 ಕೋಟಿ, ಮಂಜೂರಾಯಿತು. ಮುಂದಿನ ಐದು ವರ್ಷಕ್ಕೂ ಅಷ್ಟೇ. ಬೆಂಗಳೂರಿನಲ್ಲಿ ಒಂದು ಮೇಲ್ಸೇತುವೆಗೆ ಆಗುವ ಖರ್ಚನ್ನು ಬಲ್ಲವರಿಗೆ ಇದು ಎಷ್ಟು ಸಣ್ಣ ಮೊತ್ತವೆಂದು ವಿವರಿಸಬೇಕಿಲ್ಲ.

ಕಾನೂನಿಲ್ಲದೆ ಔದಾರ್ಯವೇ ಆಧಾರವಾದಾಗ, ಅದು ಎಲ್ಲರಿಗೂ ಸಮನಾಗಿ ಒದಗುವುದಿಲ್ಲ. ಇದೇ ಬೆಂಗಳೂರಿನ ಉತ್ತರದ ಅಂಚಿನಲ್ಲಿ ತಗಡಿನ ಶೆಡ್ಡುಗಳಲ್ಲಿ ಬರ್ಮಾದಿಂದ ಓಡಿಬಂದ ರೋಹಿಂಗ್ಯಾ ಕುಟುಂಬಗಳು ನಮ್ಮ ಮನೆಗಳ ಒಣ ಕಸವನ್ನು ಆರಿಸಿ ಬದುಕಿವೆ. ಅವರಿಗೆ ಎಕರೆಯೂ ಇಲ್ಲ, ಶಾಲೆಯೂ ಇಲ್ಲ, ಯಾವ ಮುಖ್ಯಮಂತ್ರಿಯ ಹೆಸರನ್ನೂ ಅವರು ನೆನೆಯಬೇಕಾದ ಪ್ರಮೇಯ ಬಂದಿಲ್ಲ. ಟಿಬೆಟನ್ನರನ್ನು ಮೆಚ್ಚುವ ನಾವೇ ಇವರ ವಿಷಯ ಬಂದಾಗ ಸ್ವರ ತಗ್ಗಿಸಿ ಬೇರೆ ಮಾತಾಡುತ್ತೇವೆ. 2013ರ ಜುಲೈನಲ್ಲಿ, ಜಗದ್ಗುರುವಾದ ಮೇಲಿನ ತಮ್ಮ ಮೊದಲ ಪ್ರವಾಸಕ್ಕೆ ದಿವಂಗತ ಜಗದ್ಗುರು ಫ್ರಾನ್ಸಿಸ್‌ರವರು ಆರಿಸಿಕೊಂಡದ್ದು ಲಂಪೆದೂಸ ಎಂಬ ಸಣ್ಣ ದ್ವೀಪವನ್ನು, ಸಮುದ್ರದಲ್ಲಿ ಮುಳುಗಿ ಸತ್ತ ಅನಾಮಿಕ ವಲಸೆಗಾರರಿಗಾಗಿ ಬಲಿಪೂಜೆ ಅರ್ಪಿಸಲು. ಸತ್ತವರಲ್ಲಿ ಬಹಳ ಮಂದಿ ಕ್ರೈಸ್ತರಾಗಿರಲಿಲ್ಲ.

2018ರ ಆಗಸ್ಟ್‌ನಲ್ಲಿ ದಲೈ ಲಾಮಾರವರು ಬೆಂಗಳೂರಿಗೆ ಬಂದು, ಕನ್ನಡ ನಾಡಿಗೆ ಧನ್ಯವಾದ ಹೇಳುವುದಕ್ಕೆಂದೇ ನಡೆದ ಸಮಾರಂಭದಲ್ಲಿ ಪಾಲ್ಗೊಂಡರು. ಆ ಹೊತ್ತಿಗೆ ಬೈಲಕುಪ್ಪೆಯ ಮನೆಗಳು ಖಾಲಿಯಾಗತೊಡಗಿದ್ದವು. ಕಲಿತ ಮಕ್ಕಳು ಕೆನಡಾಕ್ಕೆ, ಅಮೆರಿಕಕ್ಕೆ, ಬೆಂಗಳೂರಿನ ಆಸ್ಪತ್ರೆಗಳಿಗೂ ಕಂಪನಿಗಳಿಗೂ ಹೊರಟಿದ್ದಾರೆ. ಮುದುಕರು ಮಣಿಸರ ಹಿಡಿದು ಜಗುಲಿಯಲ್ಲಿ ಕೂರುತ್ತಾರೆ. ನೆಲ ಇಂದಿಗೂ ಅವರದಲ್ಲ, ಗುತ್ತಿಗೆಯದು. 1950ರ ಜನವರಿ 26ರಿಂದ 1987ರ ಜುಲೈ 1ರ ನಡುವೆ ಇಲ್ಲಿ ಹುಟ್ಟಿದವರು ಕಾನೂನಿನ ಪ್ರಕಾರ ಭಾರತದ ಪ್ರಜೆಗಳೇ ಎಂಬುದನ್ನು ಒಪ್ಪಿಸಲು ನ್ಯಾಯಾಲಯಕ್ಕೆ ಹೋಗಬೇಕಾಯಿತು. 2013ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಆಮೇಲೆ ಹುಟ್ಟಿದವರ ಕೈಯಲ್ಲಿ ಇರುವುದು ಕಾಲಕಾಲಕ್ಕೆ ನವೀಕರಿಸಬೇಕಾದ ಒಂದು ನೋಂದಣಿ ಪುಸ್ತಕ. ಕೆಂಗೇರಿ ದಾಟಿ ಬಿಡದಿಯ ಕಡೆ ಹೋಗುವಾಗ, ಹೆಜ್ಜಾಲದ ಹತ್ತಿರ ಶೇಷಗಿರಿಹಳ್ಳಿಯಲ್ಲಿ ದಲೈ ಲಾಮಾರವರ ಹೆಸರಿನ ಕಾಲೇಜಿದೆ. ವಂಡರ್‌ಲಾಗೆ ಮಕ್ಕಳನ್ನು ಕರೆದೊಯ್ಯುವ ನಮ್ಮ ಕುಟುಂಬಗಳು ಅದೇ ದಾರಿಯಲ್ಲಿ ಹೋಗುತ್ತವೆ. ಅಲ್ಲಿ ಓದುವ ಹುಡುಗ ಹುಡುಗಿಯರಲ್ಲಿ ಬಹುಮಂದಿ ಭಾರತದಲ್ಲಿಯೇ ಹುಟ್ಟಿ ಬೆಳೆದವರು, ಕರ್ನಾಟಕದ ನೆಲೆಗಳಿಂದ ಬಂದವರು ಕನ್ನಡವನ್ನೂ ಆಡುತ್ತಾರೆ. ಯಾವ ದೇಶದವರು ಎಂದು ಅರ್ಜಿಯಲ್ಲಿ ಬರೆಯುವ ಜಾಗಕ್ಕೆ ಬಂದಾಗ ಅವರ ಪೆನ್ನು ಒಂದು ಕ್ಷಣ ನಿಲ್ಲುತ್ತದೆ.